ಭಾರ ಜಾಸ್ತಿ ಕಟ್ಟಿದರೆ ಹೊಸ ಡೈವರ್‌ಗಳು ನೀರಿನಲ್ಲಿ ನಿಲ್ಲುತ್ತಾರಾ?

ಓದುಗರ ಪ್ರಶ್ನೆ:

“ನಮಸ್ತೆ ಸರ್. ನಮ್ಮದು ಭಟ್ಕಳ ಕಡೆಯ ಮೀನುಗಾರರ ಮನೆ. ಚಿಕ್ಕಂದಿನಿಂದ ಕಡಲಲ್ಲೇ ಈಜಿ ಬೆಳೆದೆ. ಸ್ಕೂಬಾ ಇನ್‌ಸ್ಟ್ರಕ್ಟರ್ ಆಗಿ ಇದು ನನ್ನ ಮೊದಲ ಸೀಸನ್. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಓಪನ್ ವಾಟರ್ ಕೋರ್ಸ್‌ನವರನ್ನು, ಅಂದರೆ ಸ್ಕೂಬಾದ ಮೊದಲ ಹಂತ ಕಲಿಯುವವರನ್ನು, ಕರೆದುಕೊಂಡು ಹೋಗುತ್ತೇವೆ. ಈಜುಕೊಳದಲ್ಲಿ ಎಲ್ಲರೂ ತಳದಲ್ಲಿ ಮಂಡಿಯೂರಿ ಕೂತು, ಮಾಸ್ಕ್‌ನ ನೀರು ತೆಗೆಯುವುದು, ಸಿಲಿಂಡರ್‌ನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಹುಡುಕಿ ಬಾಯಿಗಿಡುವುದು ಎಲ್ಲ ಚೆನ್ನಾಗಿ ಮಾಡುತ್ತಾರೆ. ಕಡಲಿಗೆ ಇಳಿದರೆ ಕತೆಯೇ ಬೇರೆ. ಇಬ್ಬರು ಬಂಡೆಗೆ ಬಡಿಯುತ್ತಾರೆ, ಇಬ್ಬರು ಮೇಲೆ ಹೋಗುತ್ತಾರೆ. ಹೋದ ವಾರ ಒಬ್ಬರು ಆರು ಮೀಟರ್ ಆಳದಿಂದ ಚೆಂಡಿನ ಹಾಗೆ ಸೀದಾ ಮೇಲೆ ಬಂದುಬಿಟ್ಟರು. ಏನೂ ಆಗಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹಿರಿಯ ಇನ್‌ಸ್ಟ್ರಕ್ಟರ್ ‘ಎಲ್ಲರ ಬೆಲ್ಟ್‌ಗೂ ಇನ್ನೆರಡು ಕೆ.ಜಿ. ಸೀಸ ಹಾಕು, ಭಾರ ಇದ್ರೆ ನಿಲ್ತಾರೆ’ ಅನ್ನುತ್ತಾರೆ. ಇನ್ನೊಬ್ಬರು ‘ಸ್ವಲ್ಪ ಉಸಿರು ಹಿಡಿದ್ರೆ ತೇಲ್ತಾರೆ ಅಂತ ಹೇಳಿಕೊಡು’ ಅಂದರು. ದಪ್ಪ ಇರುವವರಿಗೆ ಇದು ಬರುವುದೇ ಇಲ್ಲ ಅನ್ನುವವರೂ ಇದ್ದಾರೆ. ಯಾವುದು ಸರಿ? ಹೊಸಬರಿಗೆ ಬೊಯನ್ಸಿ, ಅಂದರೆ ಮುಳುಗದೆ ಮೇಲೇಳದೆ ನೀರಿನಲ್ಲಿ ನಿಲ್ಲುವ ಹದ, ಕಲಿಸುವುದು ಹೇಗೆ?”

ಉತ್ತರ:

ಮೊದಲು ಆ ಆರು ಮೀಟರ್‌ನ ವಿಷಯ. ನಿಮಗೆ ನಿದ್ದೆ ಬರದಿದ್ದದ್ದು ಸರಿಯಾಗಿಯೇ ಇದೆ. ನೀರಿನ ಮೇಲೆ ಒತ್ತಡ ಸುಮಾರು 1 ಬಾರ್, ಆರು ಮೀಟರ್ ಆಳದಲ್ಲಿ 1.6 ಬಾರ್. ಅಲ್ಲಿ ಶ್ವಾಸಕೋಶದಲ್ಲಿ ನಾಲ್ಕು ಲೀಟರ್ ಗಾಳಿ ತುಂಬಿಕೊಂಡು ಉಸಿರು ಬಿಡದೆ ಮೇಲೆ ಬಂದರೆ, ಆ ಗಾಳಿ ಆರು ಲೀಟರ್ ದಾಟಿ ಹಿಗ್ಗಲು ನೋಡುತ್ತದೆ. ಜಾಗ ಇಲ್ಲದಿದ್ದರೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದಕ್ಕೆ ಆರು ಮೀಟರ್ ಕೂಡ ಬೇಕಿಲ್ಲ. ತುಂಬಿದ ಉಸಿರು ಹಿಡಿದು ಒಂದೂವರೆ ಮೀಟರ್ ಏರಿದರೂ ಗಾಯ ಆಗಬಹುದು. ಅಂದರೆ ನಿಮ್ಮ ಈಜುಕೊಳದಲ್ಲೂ ಆಗಬಹುದು.

ಹಾಗಾಗಿ ಯಾರಾದರೂ ಹೀಗೆ ಮೇಲೆ ಬಂದರೆ ಆ ದಿನ ಅವರಿಗೆ ಮತ್ತೆ ಡೈವ್ ಬೇಡ. ದೋಣಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಗಮನಿಸಿ. ಎದೆ ನೋವು, ಕೆಮ್ಮಿನಲ್ಲಿ ರಕ್ತ, ಧ್ವನಿ ಬದಲಾಗುವುದು, ತಲೆ ಸುತ್ತು, ಕೈಕಾಲು ಜೋಮು ಹಿಡಿಯುವುದು, ಮಾತು ತೊದಲುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಮಲಗಿಸಿ ಆಕ್ಸಿಜನ್ ಕೊಡಿ, ದೋಣಿ ತಿರುಗಿಸಿ, ಆಸ್ಪತ್ರೆಗೆ ಹೊರಡಿ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ದೂರ. ‘ನೋಡೋಣ, ಸರಿ ಹೋಗಬಹುದು’ ಅಂತ ಕಾಯುವ ಜಾಗ ಅಲ್ಲ ಅದು.

ಇದೇ ಕಾರಣಕ್ಕೆ ‘ಉಸಿರು ಹಿಡಿದರೆ ತೇಲ್ತಾರೆ’ ಅನ್ನುವ ಸಲಹೆಯನ್ನು ಇವತ್ತೇ ಬಿಟ್ಟುಬಿಡಿ. ಹಿಡಿದರೆ ತೇಲುತ್ತಾರೆ ಅನ್ನುವುದು ನಿಜ. ಆ ನಿಜವೇ ಅಪಾಯ. ನೀವು ಕಡಲ ಮಕ್ಕಳು, ಬಂಡೆಯ ಚಿಪ್ಪಿ ಕೀಳಲು ಉಸಿರು ಕಟ್ಟಿ ಮುಳುಗಿ ಬೆಳೆದವರು. ಅದಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಉಸಿರು ಕಟ್ಟಿ ಮುಳುಗುವವರು ಗಾಳಿ ತೆಗೆದುಕೊಳ್ಳುವುದು ಮೇಲೆ. ಕೆಳಗೆ ಹೋದಾಗ ಅದು ಕುಗ್ಗುತ್ತದೆ, ವಾಪಸ್ ಬಂದಾಗ ಮೊದಲಿದ್ದಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಗಾಳಿ ತೆಗೆದುಕೊಳ್ಳುವುದೇ ಕೆಳಗೆ, ಒತ್ತಡದಲ್ಲಿ. ಮೇಲೆ ಬಂದರೆ ಅದಕ್ಕೆ ಜಾಸ್ತಿ ಜಾಗ ಬೇಕು. ಚೆನ್ನಾಗಿ ಈಜುವ ವಿದ್ಯಾರ್ಥಿಗಳಿಗೆ ಈ ಮಾತನ್ನು ಎರಡೆರಡು ಸಲ ಹೇಳಿ. ನನ್ನ ಅನುಭವದಲ್ಲಿ ಉಸಿರು ಹಿಡಿಯುವವರು ಹೆದರುವವರು ಮಾತ್ರ ಅಲ್ಲ, ಈಜು ಬಲ್ಲವರೂ ಹಿಡಿಯುತ್ತಾರೆ. ಅದು ಅವರಿಗೆ ಅಭ್ಯಾಸ.

ಈಗ ನಿಮ್ಮ ಹಿರಿಯರ ಎರಡು ಕೆ.ಜಿ. ಬಗ್ಗೆ.

ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಈಜುಕೊಳದ್ದು ಸಿಹಿನೀರು, ಲೀಟರ್‌ಗೆ ಒಂದು ಕೆ.ಜಿ. ಕಡಲ ನೀರು ಲೀಟರ್‌ಗೆ ಸುಮಾರು 1.025 ಕೆ.ಜಿ. ವಿದ್ಯಾರ್ಥಿ, ಸಿಲಿಂಡರ್, ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್), ಬೆಲ್ಟ್ ಎಲ್ಲ ಸೇರಿ 95 ಕೆ.ಜಿ. ಆದರೆ, ಕೊಳದಲ್ಲಿ ಸರಿಯಾಗಿ ನಿಂತ ಅದೇ ಮನುಷ್ಯನಿಗೆ ಕಡಲಲ್ಲಿ ಎರಡೂಕಾಲರಿಂದ ಎರಡೂವರೆ ಕೆ.ಜಿ. ಜಾಸ್ತಿ ಬೇಕು. ನಿಮ್ಮ ಹಿರಿಯರ ಲೆಕ್ಕ ಬಹುಶಃ ಇಲ್ಲಿಂದಲೇ ಬಂದದ್ದು. ಕೊಳದಲ್ಲಿ ತೂಕ ಸರಿಯಾಗಿದ್ದರೆ ಆ ಎರಡು ಕೆ.ಜಿ. ಸರಿ.

ಆದರೆ ಕೊಳದಲ್ಲಿ ತೂಕ ಸರಿ ಇತ್ತಾ? ಮಂಡಿಯೂರಿ ತಳದಲ್ಲಿ ಗಟ್ಟಿಯಾಗಿ ಕೂರಬೇಕಾದರೆ ಮೊದಲೇ ಎರಡು ಮೂರು ಕೆ.ಜಿ. ಜಾಸ್ತಿ ಕಟ್ಟಿರುತ್ತೇವೆ, ಅಲ್ವಾ? ಅದರ ಮೇಲೆ ಕಡಲಿಗೆ ಅಂತ ಇನ್ನೆರಡು. ಹೀಗೆ ಬೆಲ್ಟ್ ತುಂಬುತ್ತಾ ಹೋಗುತ್ತದೆ.

ಜಾಸ್ತಿ ಭಾರ ಇರುವವರು ಮುಳುಗಬೇಕು, ಮೇಲೆ ಯಾಕೆ ಹಾರುತ್ತಾರೆ? ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಒಂದು ಲೆಕ್ಕ ಹಾಕೋಣ. ಸಿಲಿಂಡರ್‌ನಲ್ಲಿರುವ ಗಾಳಿಗೂ ತೂಕ ಇದೆ. ನಾವೆಲ್ಲ ಬಳಸುವ 11 ಲೀಟರ್‌ನ ಅಲ್ಯುಮಿನಿಯಂ ಸಿಲಿಂಡರ್ 200 ಬಾರ್ ತುಂಬಿದ್ದಾಗ ಒಳಗಿನ ಗಾಳಿಯೇ ಎರಡೂವರೆ ಕೆ.ಜಿ. ಮೀರುತ್ತದೆ. 50 ಬಾರ್‌ಗೆ ಬರುವಷ್ಟರಲ್ಲಿ ಅದರಲ್ಲಿ ಎರಡು ಕೆ.ಜಿ. ಗುಳ್ಳೆಯಾಗಿ ಹೋಗಿರುತ್ತದೆ. ಡೈವ್ ಮುಗಿಯುವಾಗಲೂ ತೇಲಿ ಹೋಗಬಾರದು ಅಂತ ಆ ಎರಡು ಕೆ.ಜಿ.ಯನ್ನು ಮೊದಲೇ ಕಟ್ಟಿರುತ್ತೇವೆ. ಹಾಗಾಗಿ ತೂಕ ಸರಿ ಇರುವ ಡೈವರ್‌ಗೂ ಶುರುವಿನಲ್ಲಿ ಬಿಸಿಡಿಯಲ್ಲಿ ಸುಮಾರು ಎರಡು ಲೀಟರ್ ಗಾಳಿ ಬೇಕು. ಇದಕ್ಕೆ ಮೂರು ಕೆ.ಜಿ. ಅನಗತ್ಯ ಭಾರ ಸೇರಿಸಿ. ಈಗ ಬಿಸಿಡಿಯಲ್ಲಿ ಐದು ಲೀಟರ್.

ಆರು ಮೀಟರ್‌ನಲ್ಲಿದ್ದ ಈ ವಿದ್ಯಾರ್ಥಿ ಹೇಗೋ ಮೂರು ಮೀಟರ್‌ಗೆ ಏರಿದರು ಅಂದುಕೊಳ್ಳಿ. ಒತ್ತಡ 1.6ರಿಂದ 1.3 ಬಾರ್‌ಗೆ ಇಳಿಯಿತು. ಎರಡು ಲೀಟರ್ ಇದ್ದವರದ್ದು ಎರಡೂವರೆ ಆಗುತ್ತದೆ. ಅರ್ಧ ಕೆ.ಜಿ. ಎಳೆತ. ಒಂದು ಉದ್ದದ ಉಸಿರು ಬಿಟ್ಟರೆ ಅದನ್ನು ತಡೆಯಬಹುದು. ಐದು ಲೀಟರ್ ಇದ್ದವರದ್ದು ಆರು ಲೀಟರ್ ಮೀರುತ್ತದೆ. ಒಂದು ಕೆ.ಜಿ.ಗೂ ಜಾಸ್ತಿ ಎಳೆತ. ಗಾಬರಿಯಾದವರು ಉಸಿರು ಬಿಡುವುದಿಲ್ಲ, ಒಳಗೆಳೆಯುತ್ತಾರೆ. ಮುಂದಿನ ಮೂರು ಮೀಟರ್ ಇನ್ನೂ ಬೇಗ ಮುಗಿಯುತ್ತದೆ. ಭಾರ ಜಾಸ್ತಿ ಆದಷ್ಟೂ ಬಿಸಿಡಿಯಲ್ಲಿ ಗಾಳಿ ಜಾಸ್ತಿ. ಗಾಳಿ ಜಾಸ್ತಿ ಆದಷ್ಟೂ ಅದು ಕೈ ಮೀರಿ ಹಿಗ್ಗುತ್ತದೆ, ಕುಗ್ಗುತ್ತದೆ. ನಿಮ್ಮ ಗುಂಪಿನಲ್ಲಿ ಬಂಡೆಗೆ ಬಡಿದವರಿಗೂ ಮೇಲೆ ಹೋದವರಿಗೂ ಕಾಯಿಲೆ ಒಂದೇ ಇದ್ದಿರಬಹುದು.

ಮೊದಲು ‘ಹೇಗೋ ಏರಿದರು’ ಅಂದೆನಲ್ಲ, ಅದು ಹೇಗೆ ಅಂತಲೂ ನೋಡಿ. ಬೆಲ್ಟ್ ಸೊಂಟದಲ್ಲಿ, ಗಾಳಿ ಎದೆ ಭಾಗದಲ್ಲಿ. ಕಾಲು ಕೆಳಗೆ, ತಲೆ ಮೇಲೆ, ಮನುಷ್ಯ ನೆಟ್ಟಗೆ ನಿಂತ ಭಂಗಿ. ಆ ಭಂಗಿಯಲ್ಲಿ ಕಾಲಿಗೆ ಹಾಕಿದ ಫಿನ್ (ಈಜುರೆಕ್ಕೆ) ಆಡಿಸಿದರೆ ಮುಂದೆ ಹೋಗುವುದಿಲ್ಲ, ಮೇಲೆ ಹೋಗುತ್ತಾರೆ. ನಿಲ್ಲಿಸಿದರೆ ಮುಳುಗುತ್ತಾರೆ. ಮುಳುಗಿದಾಗ ಬಟನ್ ಒತ್ತಿ ಬಿಸಿಡಿಗೆ ಗಾಳಿ ತುಂಬುತ್ತಾರೆ, ಜೊತೆಗೆ ಕಾಲೂ ಆಡಿಸುತ್ತಾರೆ. ಅಲ್ಲಿಗೆ ಚೆಂಡು ಹಾರಿತು.

ಇದನ್ನು ಪತ್ತೆ ಮಾಡುವುದು ಸುಲಭ. ಆರಾಮಾಗಿ ಒಂದೇ ಆಳದಲ್ಲಿ ಇದ್ದ ಹಾಗೆ ಕಾಣುವ ವಿದ್ಯಾರ್ಥಿಗೆ ‘ಕಾಲು ನಿಲ್ಲಿಸು’ ಅಂತ ಸನ್ನೆ ಮಾಡಿ. ನಿಲ್ಲಿಸಿದ ಕೂಡಲೇ ಕಲ್ಲಿನ ಹಾಗೆ ಇಳಿದರೆ, ಅಲ್ಲಿಯವರೆಗೆ ಅವರನ್ನು ಹಿಡಿದಿದ್ದದ್ದು ಕಾಲು, ಬೊಯನ್ಸಿ ಅಲ್ಲ.

ನನ್ನ ಮೊದಲ ವರ್ಷಗಳಲ್ಲಿ ನಾನೂ ಭಾರ ಕಟ್ಟಿಯೇ ಕಲಿಸುತ್ತಿದ್ದೆ. ಒಂದು ಸಲ ಒಬ್ಬ ವಿದ್ಯಾರ್ಥಿನಿಗೆ ಆರು ಕೆ.ಜಿ. ಕಟ್ಟಿದ್ದೆ. ಹವಳದ ಮೇಲೆ ಬಂದಾಗ ಆಕೆ ನನ್ನ ಕಡೆ ನೋಡಿ, ಕೊಳದಲ್ಲಿ ಮಾಡಿದಂತೆಯೇ ಶಿಸ್ತಾಗಿ ಮಂಡಿಯೂರಿ ಕೂತರು. ಮಂಡಿಯ ಕೆಳಗೆ ಕವಲು ಹವಳ ಪಟಪಟ ಮುರಿಯಿತು. ನೀರಿನಲ್ಲಿ ಆ ಸದ್ದು ಕೇಳಿಸುತ್ತದೆ. ಆಕೆ ತಪ್ಪು ಮಾಡಲಿಲ್ಲ. ನಾನು ಕಲಿಸಿದ್ದನ್ನೇ ಮಾಡಿದರು. ಆ ಕವಲು ವರ್ಷಕ್ಕೆ ಬೆಳೆಯುವುದು ಕೆಲವೇ ಸೆಂಟಿಮೀಟರ್. ಅವತ್ತಿನಿಂದ ನಾನು ಕಲಿಸುವ ಕ್ರಮ ಬದಲಾಯಿತು.

ದಪ್ಪ ಇರುವವರ ವಿಷಯ ಬೇಗ ಮುಗಿಸುತ್ತೇನೆ. ಕೊಬ್ಬು ನೀರಿಗಿಂತ ಹಗುರ, ಮೂಳೆ ಮಾಂಸಖಂಡ ಭಾರ. ಹಾಗಾಗಿ ಒಬ್ಬರಿಗೆ ಎರಡು ಕೆ.ಜಿ. ಸಾಕು, ಇನ್ನೊಬ್ಬರಿಗೆ ಏಳು ಬೇಕು. ವ್ಯತ್ಯಾಸ ಅಷ್ಟೇ. ಸರಿಯಾದ ತೂಕ ಸಿಕ್ಕ ಮೇಲೆ ಹದ ಎಲ್ಲರಿಗೂ ಒಂದೇ. ವಿದ್ಯಾರ್ಥಿಯ ಮುಂದೆ ‘ನಿಮಗೆ ಕಷ್ಟ’ ಅನ್ನುವ ಮಾತು ಬರಲೇಬಾರದು. ಅದನ್ನು ಕೇಳಿದವರು ಅರ್ಧ ಸೋತೇ ನೀರಿಗಿಳಿಯುತ್ತಾರೆ.

ಹಾಗಾದರೆ ಸರಿಯಾದ ತೂಕ ಕಂಡುಕೊಳ್ಳುವುದು ಹೇಗೆ? ಅಂದಾಜು ಪಟ್ಟಿ ನೋಡಿ ಕಟ್ಟಬೇಡಿ. ನೀರಿಗೆ ಇಳಿಸಿ ನೋಡಿ. ರೆಗ್ಯುಲೇಟರ್ ಬಾಯಲ್ಲಿ ಇರಲಿ. ಬಿಸಿಡಿ ಪೂರ್ತಿ ಖಾಲಿ ಮಾಡಿಸಿ. ನೆಟ್ಟಗೆ ನಿಲ್ಲಿಸಿ, ಕಾಲು ಕತ್ತರಿ ಹಾಕಿಸಿ. ಇದು ಮುಖ್ಯ, ಯಾಕೆಂದರೆ ಗೊತ್ತಿಲ್ಲದೆಯೇ ಎಲ್ಲರೂ ಕಾಲು ಆಡಿಸುತ್ತಾರೆ. ಮಾಮೂಲಿ ಉಸಿರು ಎಳೆದು ಒಂದು ಕ್ಷಣ ನಿಂತಾಗ ನೀರಿನ ಗೆರೆ ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ನೀರಿನ ಮೇಲ್ಮೈಯಲ್ಲಿ ನಿಂತು ಮಾಡುವ ಈ ಒಂದು ಪರೀಕ್ಷೆಯಲ್ಲಿ ಮಾತ್ರ ಉಸಿರು ನಿಲ್ಲಿಸುತ್ತೇವೆ ಅಂತ ಅವರಿಗೆ ಬಿಡಿಸಿ ಹೇಳಿ. ಸಿಲಿಂಡರ್ ತುಂಬಿದ್ದಾಗ ಈ ಪರೀಕ್ಷೆ ಮಾಡಿದರೆ, ಖರ್ಚಾಗುವ ಗಾಳಿಗೆ ಎರಡು ಕೆ.ಜಿ. ಸೇರಿಸಿ. 50 ಬಾರ್ ಉಳಿದಾಗ ಮಾಡಿದರೆ ಏನೂ ಸೇರಿಸಬೇಕಿಲ್ಲ. ನಾನು ಎರಡೂ ಸಲ ಮಾಡುತ್ತೇನೆ. ಡೈವ್ ಮುಗಿದ ಮೇಲಿನದ್ದೇ ನಂಬಿಕೆಯದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ದಿನ ಹೆದರಿಕೆಯಲ್ಲಿ ಎಲ್ಲರೂ ಎದೆ ಉಬ್ಬಿಸಿಕೊಂಡೇ ಉಸಿರಾಡುತ್ತಾರೆ. ಪೂರ್ತಿ ಬಿಡುವುದೇ ಇಲ್ಲ. ಒಂದು ಲೀಟರ್ ಗಾಳಿ ಅಂದರೆ ಒಂದು ಕೆ.ಜಿ. ತೇಲುವ ಬಲ. ಎದೆಯಲ್ಲಿ ಎರಡು ಲೀಟರ್ ಸುಮ್ನೆ ಉಳಿಸಿಕೊಂಡವರಿಗೆ ಎರಡು ಕೆ.ಜಿ. ಜಾಸ್ತಿ ಬೇಕು ಅನ್ನಿಸುತ್ತದೆ. ಕೊಡಿ, ತೊಂದರೆ ಇಲ್ಲ. ಆದರೆ ಎರಡನೇ ಡೈವ್‌ಗೆ ಒಂದು ತೆಗೆಯಿರಿ, ಮೂರನೆಯದಕ್ಕೆ ಇನ್ನೊಂದು. ಮೊದಲ ದಿನ ಕಟ್ಟಿದ್ದನ್ನೇ ಲಾಗ್‌ಬುಕ್‌ನಲ್ಲಿ ಬರೆದುಕೊಂಡು ಜೀವನಪೂರ್ತಿ ಅಷ್ಟೇ ಕಟ್ಟಿಕೊಳ್ಳುವ ಡೈವರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಕಲಿಸುವ ದಾರಿಗಳು. ಮುಖ್ಯವಾಗಿ ಎರಡು ಇವೆ, ನಡುವೆ ಒಂದು ಸೇತುವೆ ಇದೆ.

ಹಳೆಯ ದಾರಿ ನಿಮಗೆ ಗೊತ್ತಿರುವುದೇ. ಮಂಡಿಯೂರಿಸಿ ಎಲ್ಲ ಕೌಶಲ ಕಲಿಸಿ, ಕೊನೆಗೆ ಒಂದು ದಿನ ‘ಈಗ ತೇಲಿ’ ಅನ್ನುವುದು. ಇದರಲ್ಲಿ ಅನುಕೂಲ ಇಲ್ಲ ಅಂತಲ್ಲ. ವಿದ್ಯಾರ್ಥಿ ಎಲ್ಲೂ ಹೋಗುವುದಿಲ್ಲ, ನಾಲ್ವರ ಮೇಲೂ ಕಣ್ಣಿಡಬಹುದು, ತುಂಬಾ ಹೆದರಿದವರಿಗೆ ಮಂಡಿಯ ಕೆಳಗೆ ನೆಲ ಇದೆ ಅನ್ನುವ ಧೈರ್ಯ. ಆದರೆ ಕಡಲಲ್ಲಿ ಮಾಸ್ಕ್‌ಗೆ ನೀರು ನುಗ್ಗಿದರೆ ಅವರು ಮೊದಲು ಹುಡುಕುವುದು ಮಂಡಿಯೂರಲು ಜಾಗ. ನೇತ್ರಾಣಿಯ ಬಂಡೆಯ ಮೇಲೆ ಮೈತುಂಬ ಮುಳ್ಳಿನ ಸೀ ಅರ್ಚಿನ್ ಇರಬಹುದು, ವಿಷದ ಮುಳ್ಳಿನ ಲಯನ್‌ಫಿಶ್ ಮೀನು ಇರಬಹುದು. ಕೆಳಗೆ ನೆಲವೇ ಇಲ್ಲದಿದ್ದರೆ ಮೇಲಕ್ಕೆ ಓಡುತ್ತಾರೆ.

ಇನ್ನೊಂದು ದಾರಿ, ಮೊದಲ ದಿನದಿಂದಲೇ ತೇಲುತ್ತಾ ಕಲಿಸುವುದು. ಮಾಸ್ಕ್ ತೆಗೆಯುವುದು, ಗಾಳಿ ಹಂಚಿಕೊಳ್ಳುವುದು ಎಲ್ಲವೂ ನೀರಿನ ನಡುವೆ. ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆ 2014ರಲ್ಲಿ ಓಪನ್ ವಾಟರ್ ಕೋರ್ಸ್ ಪರಿಷ್ಕರಿಸಿದಾಗ ಈ ಹದಕ್ಕೆ ಮೊದಲಿಗಿಂತ ಜಾಸ್ತಿ ಒತ್ತು ಕೊಟ್ಟಿತು. ನನ್ನ ಒಲವೂ ಇದರ ಕಡೆಗೇ. ಆದರೆ ಇದರ ಅಪಾಯವನ್ನೂ ಹೇಳಬೇಕು. ವಿದ್ಯಾರ್ಥಿ ಕೌಶಲದ ಮೇಲೆ ಗಮನ ಇಟ್ಟಾಗ ಉಸಿರು ಹಿಡಿದು ಮೇಲೆ ಹೋಗಬಹುದು. ಮೂರು ಮೀಟರ್ ಕೊಳದಲ್ಲೂ ಅದು ಸಾಕು ಅಂತ ಮೊದಲೇ ಹೇಳಿದೆ. ಹಾಗಾಗಿ ನೀವು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಬೇಕು, ವಿದ್ಯಾರ್ಥಿಗಿಂತ ಸ್ವಲ್ಪ ಮೇಲಿರಬೇಕು. ಒಬ್ಬರಾದ ಮೇಲೆ ಒಬ್ಬರು. ನಾಲ್ವರಿಗಿಂತ ಜಾಸ್ತಿ ಜನ ಬೇಡ. ಸಹಾಯಕರು ಇರಲಿ. ಸಮಯ ಜಾಸ್ತಿ ಹಿಡಿಯುತ್ತದೆ. ಮಧ್ಯಾಹ್ನದೊಳಗೆ ಬ್ಯಾಚ್ ಮುಗಿಸಬೇಕು ಅನ್ನುವ ಅವಸರದಲ್ಲಿ ಈ ದಾರಿ ಹಿಡಿಯಬೇಡಿ.

ಮೊದಲ ಸೀಸನ್‌ನಲ್ಲಿರುವ ನಿಮಗೆ ನಾನು ಹೇಳುವುದು ನಡುವಿನ ಸೇತುವೆಯನ್ನು. ನಾನು ಮಾಡುವುದನ್ನೇ ಬರೆಯುತ್ತೇನೆ.

ಕೊಳದ ತಳದಲ್ಲಿ ಹೊಟ್ಟೆ ಕೆಳಗಾಗಿ ಮಲಗಿಸಿ. ಎದೆ ಮೇಲೆದ್ದಾಗಲೂ ಫಿನ್‌ನ ತುದಿ ಮಾತ್ರ ನೆಲಕ್ಕೆ ತಾಗಿರಲಿ. ಬಿಸಿಡಿಗೆ ಗಾಳಿ ಹಾಕುವುದು ಸಾರಿಗೆ ಉಪ್ಪು ಹಾಕಿದ ಹಾಗೆ. ಚಿಟಿಕೆ ಹಾಕಿ, ಎರಡು ಉಸಿರು ಕಾಯಿರಿ, ನೋಡಿ, ಬೇಕಿದ್ದರೆ ಇನ್ನೊಂದು ಚಿಟಿಕೆ. ಒಂದು ಹಂತದಲ್ಲಿ ಉಸಿರು ಎಳೆದಾಗ ಎದೆ ನೆಲ ಬಿಟ್ಟು ಏಳುತ್ತದೆ, ಬಿಟ್ಟಾಗ ಇಳಿಯುತ್ತದೆ. ಆಗ ಬಟನ್‌ನಿಂದ ಕೈ ತೆಗೆಸಿ.

ಇಲ್ಲಿ ಹತ್ತಿರದಿಂದ ನೋಡಿ. ಅವರು ಉಸಿರು ಎಳೆಯುತ್ತಾರೆ. ಗುಳ್ಳೆ ನಿಲ್ಲುತ್ತದೆ. ಒಂದು... ಎರಡು... ಏನೂ ಆಗುವುದಿಲ್ಲ. ಮೂರನೇ ಎಣಿಕೆಗೆ ಎದೆ ಮೆಲ್ಲಗೆ ಮೇಲೆ ಬರುತ್ತದೆ. ಈ ನಡುವಿನ ಎರಡು ಸೆಕೆಂಡ್‌ನಲ್ಲೇ ಹೊಸಬರು ಕೆಡುವುದು. ಉಸಿರು ಎಳೆದೆ, ಏಳಲಿಲ್ಲ, ಬಟನ್ ಒತ್ತುತ್ತೇನೆ ಅನ್ನುತ್ತಾರೆ. ಅಷ್ಟರಲ್ಲಿ ಮೊದಲ ಉಸಿರೂ ಕೆಲಸ ಮಾಡುತ್ತದೆ, ಬಟನ್‌ನ ಗಾಳಿಯೂ ಕೆಲಸ ಮಾಡುತ್ತದೆ. ನೀವು ಮೀನುಗಾರರ ಮನೆಯವರು, ಇದು ನಿಮಗೆ ಬೇಗ ಹಿಡಿಯುತ್ತದೆ. ಚುಕ್ಕಾಣಿ ತಿರುಗಿಸಿದ ಕೂಡಲೇ ದೋಣಿ ತಿರುಗುತ್ತದಾ? ಇಲ್ಲ. ತಿರುಗಲಿಲ್ಲ ಅಂತ ಇನ್ನಷ್ಟು ತಿರುಗಿಸಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ವಿದ್ಯಾರ್ಥಿಗಳಿಗೂ ಇದನ್ನೇ ಹೇಳಿ. ಹೊಸಬರಿಗೆ ಈ ಕಾಯುವುದನ್ನು ಕಲಿಸಿಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆಯಿತು ಅಂತ ನಾನು ನಂಬಿದ್ದೇನೆ.

ಇದು ಬಂದ ಮೇಲೆ ತಳದಲ್ಲಿ ಒಂದು ಕೆ.ಜಿ.ಯ ಸೀಸದ ತುಂಡು ಇಡಿ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಮುಖ ಇಟ್ಟು ತೇಲಲಿ. ಉಸಿರು ಬಿಟ್ಟು ಇಳಿದು ರೆಗ್ಯುಲೇಟರ್ ತುದಿಯನ್ನು ಸೀಸಕ್ಕೆ ತಾಗಿಸಬೇಕು, ಎಳೆದು ಮೇಲೆ ಬರಬೇಕು. ಕೈ ಆಡಿಸುವಂತಿಲ್ಲ. ಹತ್ತು ಸಲ. ಮಕ್ಕಳಾಟದ ಹಾಗೆ ಕಾಣುತ್ತದೆ, ಆದರೆ ಉಸಿರಿನ ಮೇಲೆ ಗಮನ ತರಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆಮೇಲೆ ಕೊಳದ ಗೋಡೆಯ ಟೈಲ್ಸ್ ಗೆರೆಯೊಂದಕ್ಕೆ ಕಣ್ಣು ನೇರ ಇಟ್ಟುಕೊಂಡು ಒಂದು ನಿಮಿಷ ನಿಲ್ಲಲಿ. ಅದೂ ಬಂದಾಗ, ಅದೇ ಭಂಗಿಯಲ್ಲಿ ಮಾಸ್ಕ್‌ಗೆ ಅರ್ಧ ನೀರು ಬಿಟ್ಟು ತೆಗೆಯಲಿ. ಆಗ ನೀವು ಎರಡನೇ ದಾರಿಗೆ ಬಂದೇ ಬಿಟ್ಟಿದ್ದೀರಿ.

ಕಾಲು ಇಳಿಯುತ್ತಲೇ ಇದ್ದರೆ ವಿದ್ಯಾರ್ಥಿಯನ್ನು ಬೈಯಬೇಡಿ. ಬೆಲ್ಟ್‌ನಿಂದ ಒಂದು ಕೆ.ಜಿ. ತೆಗೆದು ಸಿಲಿಂಡರ್ ಪಟ್ಟಿಗೆ, ಹೆಗಲ ಹತ್ತಿರ ಸೇರಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತದೆ.

ಒಂದು ಸಮಾಧಾನದ ಮಾತೂ ಇದೆ, ವಿದ್ಯಾರ್ಥಿಗಳಿಗೆ ಹೇಳಿ. ಆಳಕ್ಕೆ ಹೋದಷ್ಟೂ ಕಷ್ಟ ಅಂತ ಅವರು ಅಂದುಕೊಂಡಿರುತ್ತಾರೆ. ನಿಲ್ಲುವ ಹದದ ಮಟ್ಟಿಗೆ ಅದು ಉಲ್ಟಾ. ಮೂರು ಮೀಟರ್‌ನಿಂದ ಒಂದು ಮೀಟರ್‌ಗೆ ಬಂದರೆ ಬಿಸಿಡಿಯ ಗಾಳಿ ಸುಮಾರು ನೂರಕ್ಕೆ 18ರಷ್ಟು ಹಿಗ್ಗುತ್ತದೆ. ಹದಿನೆಂಟರಿಂದ ಹದಿನಾರಕ್ಕೆ ಬಂದರೆ ನೂರಕ್ಕೆ ಎಂಟಕ್ಕಿಂತ ಕಡಿಮೆ. ಕೊಳದಲ್ಲಿ ಒಂದು ನಿಮಿಷ ನಿಲ್ಲಲು ಕಲಿತವರು ಅತಿ ಕಷ್ಟದ ಜಾಗದಲ್ಲೇ ಕಲಿತಿದ್ದಾರೆ.

ನೇತ್ರಾಣಿಯಲ್ಲಿ ಮೊದಲ ಡೈವ್ ಹಗ್ಗ ಹಿಡಿದೇ ಇಳಿಸಿ. ಇಳಿಯುತ್ತಾ ಚಿಟಿಕೆ ಚಿಟಿಕೆ ಗಾಳಿ ಹಾಕಿಸಿ, ತಳ ಮುಟ್ಟಿದ ಮೇಲಲ್ಲ. ಮೇಲೆ ಬರುವಾಗ ಏರಲು ಶುರು ಮಾಡುವ ಮೊದಲೇ ಸ್ವಲ್ಪ ಗಾಳಿ ಬಿಡಿಸಿ. ಬಿಸಿಡಿಗೆ ಗಾಳಿ ತುಂಬುವ, ಬಿಡುವ ಇನ್‌ಫ್ಲೇಟರ್ ಕೊಳವೆ ಹೆಗಲಿಗಿಂತ ಮೇಲೆ ಎತ್ತಿರಬೇಕು. ಎದೆಯ ಹತ್ತಿರ ಹಿಡಿದು ಬಟನ್ ಒತ್ತಿದರೆ ಗಾಳಿ ಹೊರಗೆ ಬರುವುದಿಲ್ಲ, ಇವರು ಒತ್ತುತ್ತಲೇ ಮೇಲೆ ಹೋಗುತ್ತಾರೆ. ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ವೇಗ ಬೇಡ, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲುಗಡೆ. ಯಾರಾದರೂ ಹಾರುವುದು ಕಂಡರೆ ಅವರ ಬಿಸಿಡಿ ಹಿಡಿದು, ಹಿಂಬದಿಯ ಹಗ್ಗ ಎಳೆದು ಗಾಳಿ ಬಿಡಿ, ‘ಉಸಿರು ಬಿಡು’ ಸನ್ನೆ ಮಾಡಿ. ತಡೆಯಲು ಆಗದಿದ್ದರೆ ಅವರ ಜೊತೆಗೇ ಮೇಲೆ ಹಾರಬೇಡಿ. ನಿಮ್ಮ ಶ್ವಾಸಕೋಶಕ್ಕೂ ಅದೇ ನಿಯಮ, ಕೆಳಗೆ ಇನ್ನೂ ಮೂವರು ನಿಮ್ಮನ್ನು ನಂಬಿ ಇದ್ದಾರೆ. ಆ ಕ್ಷಣಕ್ಕೆ ಯಾರು ಏನು ಮಾಡಬೇಕು ಅಂತ ನಿಮ್ಮ ಸಹಾಯಕರ ಜೊತೆ ದೋಣಿಯಲ್ಲೇ ಮಾತಾಡಿಕೊಂಡಿರಿ.

ಹಿರಿಯರ ಜೊತೆ ವಾದಕ್ಕೆ ನಿಲ್ಲಬೇಡಿ. ಮುಂದಿನ ಬ್ಯಾಚ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಡೈವ್ ಮುಗಿದ ಮೇಲೆ 50 ಬಾರ್‌ನಲ್ಲಿ ತೂಕ ಪರೀಕ್ಷೆ ಮಾಡಿ, ಅವರನ್ನೂ ನೋಡಲು ಕರೆಯಿರಿ. ಬಿಸಿಡಿ ಖಾಲಿ ಮಾಡಿದ ಕೂಡಲೇ ವಿದ್ಯಾರ್ಥಿ ಸೀದಾ ಇಳಿದುಬಿಟ್ಟರೆ, ಎಷ್ಟು ಸೀಸ ಜಾಸ್ತಿ ಇತ್ತು ಅಂತ ಅವರ ಕಣ್ಣಿಗೇ ಕಾಣುತ್ತದೆ. ಅವರು ಅನುಭವಿಗಳು, ಕಂಡದ್ದನ್ನು ಒಪ್ಪುತ್ತಾರೆ.

ಮತ್ತೆ, ಆ ಮೇಲೆ ಹಾರಿದ ವಿದ್ಯಾರ್ಥಿಗೆ ಫೋನ್ ಮಾಡಿ. ಈಗ ಹೇಗಿದ್ದೀರಿ ಅಂತ ಕೇಳಿ. ಆಮೇಲೆ ಮೂರೇ ಪ್ರಶ್ನೆ: ಹೊರಟಾಗ ಕಾಲು ಆಡುತ್ತಿತ್ತಾ, ಕೈ ಯಾವ ಬಟನ್ ಮೇಲಿತ್ತು, ಉಸಿರು ಬಿಡುತ್ತಿದ್ದರಾ. ಅವರ ಬೆಲ್ಟ್‌ನಲ್ಲಿ ಎಷ್ಟು ಕೆ.ಜಿ. ಇತ್ತು ಅನ್ನುವುದನ್ನೂ ಹುಡುಕಿ ಪಕ್ಕದಲ್ಲಿ ಬರೆದಿಡಿ. ಅವರು ಮತ್ತೆ ನೀರಿಗೆ ಬರಲು ಒಪ್ಪಿದರೆ ಕಡಲಿಗೆ ಕರೆಯಬೇಡಿ, ಕೊಳಕ್ಕೆ ಕರೆಯಿರಿ. ತೂಕ ಹೊಸದಾಗಿ ನೋಡಿ, ಫಿನ್ ತುದಿಯಿಂದಲೇ ಶುರು ಮಾಡಿ.